ನಿಮ್ಮಣ್ಣನ ಕೊಲೆಸ್ಟ್ರಾಲ್ ಇಳಿದ ಸುದ್ದಿ

ಮನೆಯಿಂದ, ಹಿತ್ತಿಲ ಮೆಟ್ಟಿಲ ಮೇಲೆ ಕೂತು
ಮಾರ್ಚ್ ಹದಿನಾಲ್ಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಮರಿ,

ಕೈ ಹೇಗಿದೆ? ಬಿಸಿ ಎಣ್ಣೆ ಸಿಡಿದು ಮಣಿಕಟ್ಟು ಸುಟ್ಟಿತೆಂದು ಹೋದ ಕಾಗದದಲ್ಲಿ ಒಂದೇ ಸಾಲು ಬರೆದು, ಅದರ ಕೆಳಗೆ ಸಮುದ್ರದ ಬಣ್ಣದ ಬಗ್ಗೆ ಒಂದು ಪುಟ ತುಂಬಿಸಿದ್ದೆ. ನನಗೆ ಸಮುದ್ರದ ಬಣ್ಣ ಬೇಡ, ನಿನ್ನ ಕೈಯ ಬಣ್ಣ ಬೇಕು. ಗುಳ್ಳೆ ಒಡೆದುಕೊಂಡಿಲ್ಲ ತಾನೆ? ಹಡಗಿನವರಿಗೆಲ್ಲ ಮೂರು ಹೊತ್ತು ಬೇಯಿಸಿ ಹಾಕುವ ನೀನು ಕೂತು ಊಟ ಮಾಡುತ್ತೀಯೋ, ಇಲ್ಲ ಇಲ್ಲಿದ್ದಾಗ ಮಾಡುತ್ತಿದ್ದ ಹಾಗೆ ಒಲೆಯ ಮುಂದೆ ನಿಂತು ಸೌಟಿನಲ್ಲೇ ಮುಗಿಸುತ್ತೀಯೋ? ನಿದ್ದೆ ಬರುತ್ತಿದೆಯಾ? ಮುಂದಿನ ಕಾಗದದಲ್ಲಿ ಮೊದಲು ಇದಕ್ಕೆಲ್ಲ ಉತ್ತರ, ಆಮೇಲೆ ಮೀನು, ಡಾಲ್ಫಿನ್ನು.

ನಿಮ್ಮಣ್ಣ ಚೆನ್ನಾಗಿದ್ದಾರೆ. ಈ ಕ್ಷಣ ಅಡುಗೆಮನೆಯಲ್ಲಿ ಮಗಳ ಜೊತೆ ಓಟ್ಸ್ ಗಂಜಿಗೆ ಉಪ್ಪು ಹಾಕಬೇಕೋ ಬೇಡವೋ ಎಂದು ಜಗಳ ಆಡುತ್ತಿದ್ದಾರೆ. ದನಿ ಇಲ್ಲಿಗೆ ಕೇಳಿಸುತ್ತಿದೆ, ಕೇಳಿಸುತ್ತಿರುವುದಕ್ಕೇ ನಾನು ಇಷ್ಟು ನೆಮ್ಮದಿಯಾಗಿ ಬರೆಯುತ್ತಿದ್ದೇನೆ. ಆ ದಿನ ನಾನು ಫೋನಿನಲ್ಲಿ "ಅಣ್ಣನಿಗೆ ಹಾರ್ಟ್ ಅಟ್ಯಾಕ್" ಅನ್ನುವಷ್ಟರಲ್ಲಿ ಲೈನು ಕಟ್ಟಾಯಿತು. ಆಮೇಲೆ ನಿಮ್ಮ ಕಂಪನಿಯ ಕಚೇರಿಯ ಮೂಲಕ "ಈಗ ಪರವಾಗಿಲ್ಲ, ಮನೆಗೆ ಬಂದಿದ್ದಾರೆ" ಎಂದು ಎರಡು ಸಾಲು ಕಳಿಸಿದೆವು. ಆ ಎರಡು ಸಾಲು ಹಿಡಿದುಕೊಂಡು ನೀನು ನೀರಿನ ನಡುವೆ ಏನೇನು ಕಲ್ಪಿಸಿಕೊಂಡೆಯೋ. ಒಳ್ಳೆಯ ಸುದ್ದಿ ಸಿಗಲಿ ಎಂದು ಇಷ್ಟು ತಿಂಗಳು ಕಾದೆ, ಇವತ್ತು ಎಲ್ಲವನ್ನೂ ಬರೆಯುತ್ತೇನೆ. ಭಾನುವಾರವಾದರೂ ಮಧ್ಯಾಹ್ನ ಕಚೇರಿಯ ಗುಮಾಸ್ತರು ಹಡಗಿನ ಟಪಾಲು ಚೀಲ ಕಟ್ಟುತ್ತಾರಂತೆ, ಅಷ್ಟರೊಳಗೆ ಮುಗಿಯಬೇಕು.

ನಡೆದದ್ದು ಈಜುಕೊಳದಲ್ಲೇ. ಬೆಳಗಿನ ಹೊತ್ತು ವಯಸ್ಸಾದ ಹೆಂಗಸರಿಗೆ ನಿಮ್ಮಣ್ಣ ಈಜು ಹೇಳಿಕೊಡುವುದು ನಿನಗೆ ಗೊತ್ತಲ್ಲ. ಅವರಲ್ಲಿ ಒಬ್ಬರು ನಿವೃತ್ತ ಹೆಡ್‌ಮಿಸ್. ಕಣ್ಣು, ಹಣೆ ಮಾತ್ರ ನೀರಿನ ಮೇಲಿಟ್ಟು ತೇಲುತ್ತಾರೆಂದು ನಿಮ್ಮಣ್ಣ ಅವರಿಗೆ ಮೊಸಳೆ ಎಂದು ಹೆಸರಿಟ್ಟಿದ್ದಾರೆ. ಅವರಿಗೂ ಅದು ಗೊತ್ತು, ಬೇಸರವಿಲ್ಲ. ಆವತ್ತು ಎಂದಿನ ಹಾಗೆ ದಂಡೆಯ ಮೇಲೆ ನಿಂತು "ಕಾಲು ಒದೀರಿ, ಜೋರಾಗಿ ಒದೀರಿ, ನೀರಿಗೆ ನೋವಾಗಲ್ಲ!" ಎಂದು ಕೂಗುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರಂತೆ. ಮೊಸಳೆ ಮೇಡಂ ನನಗೆ ಹೇಳಿದ್ದು ಹೀಗೆ: "ಮೇಷ್ಟ್ರು ಬೈಯೋದು ನಿಲ್ಲಿಸಿದ್ರು ಕಣಮ್ಮ. ಇದೇನಪ್ಪಾ ಅಂತ ತಲೆ ಎತ್ತಿ ನೋಡಿದ್ವಿ." ನೋಡಿದರೆ ದಂಡೆಯ ಮೇಲೆ ಕೂತಿದ್ದಾರೆ, ಒಂದು ಕೈ ಎದೆಯ ಮೇಲೆ. ನೀರಿಗೆ ಇಳಿದಿರಲೇ ಇಲ್ಲ, ಆದರೂ ಮೈಯೆಲ್ಲ ಒದ್ದೆ. "ಗ್ಯಾಸು, ಏನಿಲ್ಲ, ನೀವು ಮುಂದುವರಿಸಿ" ಎಂದರಂತೆ. ಯಾವತ್ತೂ ಇಬ್ಬರು ಹಿಡಿದು ಎತ್ತದೆ ಏಣಿ ಹತ್ತದ ಮೊಸಳೆ ಮೇಡಂ ಆವತ್ತು ಒಬ್ಬರೇ ಸರಸರ ಹತ್ತಿ ಬಂದು, ಅವರ ಕುತ್ತಿಗೆ ಮುಟ್ಟಿ ನೋಡಿ, ಆಂಬುಲೆನ್ಸ್ ಕರೆಸಿದರು. ನಿಮ್ಮಣ್ಣ ಸ್ಕೂಟರಿನಲ್ಲಿ ತಾವೇ ಹೋಗುತ್ತೇನೆಂದು ಕೀಲಿ ಹುಡುಕಲು ಶುರುಮಾಡಿದರಂತೆ. "ಮೇಷ್ಟ್ರೇ, ಇಷ್ಟು ದಿನ ನೀವು ಹೇಳಿದ್ದು ನಾವು ಕೇಳಿದೀವಿ. ಈಗ ಬಾಯ್ಮುಚ್ಚಿಕೊಂಡು ಮಲ್ಕೊಳ್ಳಿ" ಎಂದು ಬೆಂಚಿನ ಮೇಲೆ ಮಲಗಿಸಿದರು. ನಾವು ಆ ತಾಯಿಗೆ ಏನು ಕೊಟ್ಟರೂ ಸಾಲದು ಮರಿ.

ನಾನು ಆಗ ಕನ್ನಡಕದ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಫ್ರೇಮಿನ ಕಡ್ಡಿ ಬಿಸಿ ಮಾಡಿ ಬಗ್ಗಿಸುತ್ತಿದ್ದೆ. ಫೋನು ಬಂತು. ಹೇಗೆ ಆಟೋ ಹತ್ತಿದೆ, ಹೇಗೆ ಇಳಿದೆ, ಒಂದೂ ನೆನಪಿಲ್ಲ. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಜೇಬಿಗೆ ಕೈ ಹಾಕಿದರೆ ಗಿರಾಕಿಯ ಕನ್ನಡಕ ನನ್ನ ಜೇಬಿನಲ್ಲೇ ಇದೆ. ಪಾಪ, ಆ ಮನುಷ್ಯ ಮಾರನೆಯ ದಿನ ಗೋಡೆ ಹಿಡಿದುಕೊಂಡು ವಾರ್ಡು ಹುಡುಕುತ್ತ ಬಂದು, ನನ್ನ ಭುಜ ತಟ್ಟಿ, ಕನ್ನಡಕ ಹಾಕಿಕೊಂಡು ಹೋದರು. ಆವತ್ತು ವಾರ್ಡಿನ ಹೊರಗಿನ ಪಡಸಾಲೆಯಲ್ಲಿ ಟವೆಲು ಸುತ್ತಿಕೊಂಡ ಐದು ಜನ ಅಜ್ಜಿಯರು, ತಲೆಗೆ ರಬ್ಬರ್ ಟೋಪಿ, ಕಾಲ ಕೆಳಗೆಲ್ಲ ನೀರು. ನರ್ಸು ಬಂದು "ಪೇಷಂಟ್ ಹೆಂಡತಿ ಯಾರು?" ಎಂದು ಇವರನ್ನೆಲ್ಲ ಒಂದು ಸುತ್ತು ನೋಡಿದಳು. ಆ ಹೊತ್ತಿನಲ್ಲೂ ನನಗೆ ನಗು ಬಂತು. ಆಮೇಲೆ ಅಳು ಬಂತು, ಮೊಸಳೆ ಮೇಡಂ ಒದ್ದೆ ಟವೆಲಿನಲ್ಲೇ ನನ್ನ ಮುಖ ಒರೆಸಿದರು.

ಹೃದಯದ ಒಂದು ರಕ್ತನಾಳ ಪೂರ್ತಿ ಕಟ್ಟಿಕೊಂಡಿತ್ತು. ಮಣಿಕಟ್ಟಿನಿಂದ ಸಣ್ಣ ತಂತಿ ಹಾಯಿಸಿ, ಅಲ್ಲಿ ಒಂದು ಪುಟ್ಟ ಜಾಲರಿ ಕೊಳವೆ ಕೂರಿಸಿದರು. ಅದಕ್ಕೆ ಸ್ಟೆಂಟು ಅನ್ನುತ್ತಾರೆ. ಬೇಗ ಕರೆತಂದಿದ್ದರಿಂದ ಹೃದಯಕ್ಕೆ ಹೆಚ್ಚು ಪೆಟ್ಟಾಗಲಿಲ್ಲ ಎಂದರು. ನಿಮ್ಮಣ್ಣನ ಡಾಕ್ಟರು ಒಬ್ಬ ಸಣ್ಣ ಹುಡುಗಿ. ಹುಡುಗಿ ಅನ್ನಬಾರದು, ದೊಡ್ಡ ಹೃದಯತಜ್ಞೆಯೇ, ಆದರೆ ನನ್ನ ಕಣ್ಣಿಗೆ ಈಗ ಎಲ್ಲರೂ ಸಣ್ಣವರೇ. ಆಕೆ ರಕ್ತದ ವರದಿ ಹಿಡಿದು "ಕೆಟ್ಟ ಕೊಲೆಸ್ಟ್ರಾಲ್ ಇನ್ನೂರರ ಮೇಲಿದೆ. ನಿಮ್ಮಂಥೋರಿಗೆ ಎಪ್ಪತ್ತಕ್ಕಿಂತ ಕೆಳಗೆ, ಸಾಧ್ಯ ಆದ್ರೆ ಐವತ್ತೈದಕ್ಕಿಂತ ಕೆಳಗೆ ಇರಬೇಕು" ಎಂದಳು. ನಿಮ್ಮಣ್ಣನಿಗೆ ಹಾರ್ಟ್ ಅಟ್ಯಾಕಿಗಿಂತ ಇದೇ ದೊಡ್ಡ ಅವಮಾನವಾಯಿತು ನೋಡು. ಹೊಟ್ಟೆ ಇಲ್ಲ, ಸಿಗರೇಟಿಲ್ಲ, ಬೆಳಗಾದರೆ ನೀರು, ಸಂಜೆಯಾದರೆ ನೀರು. "ನಾನೇನು ತುಪ್ಪದ ಡಬ್ಬದಲ್ಲಿ ಮಲಗ್ತೀನಾ ಡಾಕ್ಟ್ರೇ?" ಎಂದು ಕೇಳಿಯೇಬಿಟ್ಟರು. ಆಕೆ ನಕ್ಕು, ತಿನ್ನುವುದರಿಂದ ಬರುವುದು ಒಂದು ಭಾಗ, ಉಳಿದದ್ದನ್ನು ನಮ್ಮ ಪಿತ್ತಜನಕಾಂಗವೇ ತಯಾರು ಮಾಡುತ್ತದೆ, ಕೆಲವರ ಮೈ ಅದನ್ನು ಸರಿಯಾಗಿ ಹೊರಗೆ ಹಾಕುವುದಿಲ್ಲ ಎಂದು ವಿವರಿಸಿದಳು. ದಿನಾ ತೆಗೆದುಕೊಳ್ಳಬೇಕಾದ ಮಾತ್ರೆ ಬರೆದುಕೊಟ್ಟಳು. ರಕ್ತ ಹೆಪ್ಪುಗಟ್ಟದಿರಲು ಬೇರೆ, ಕೊಲೆಸ್ಟ್ರಾಲಿಗೆ ಬೇರೆ.

ಮನೆಗೆ ಬಂದ ಮೇಲೆ ಶುರುವಾಯಿತು ನೋಡು ನಿಮ್ಮಣ್ಣನ ದರಬಾರು! ಇಷ್ಟು ವರ್ಷ ಉಪ್ಪಿನ ಡಬ್ಬ ಎಲ್ಲಿದೆಯೆಂದು ಗೊತ್ತಿಲ್ಲದ ಮನುಷ್ಯ ನನ್ನ ಅಡುಗೆಮನೆಗೆ ಮೇಲಧಿಕಾರಿಯಾದರು. ಬೆಣ್ಣೆ ಹೋಯಿತು, ಬಿಸ್ಕತ್ತು ಹೋಯಿತು, ಕರಿದದ್ದೆಲ್ಲ ಹೋಯಿತು. ಬೇಳೆ, ಸೊಪ್ಪು, ಬಾದಾಮಿ, ಮೀನು ಬಂದವು. ಅಂಗಡಿಯಲ್ಲಿ ಪ್ರತಿ ಪೊಟ್ಟಣದ ಹಿಂದೆ ಬರೆದ ಸಣ್ಣಕ್ಷರ ಓದಲು ನನ್ನ ಅಂಗಡಿಯ ಭೂತಗನ್ನಡಿ ಬೇರೆ ತೆಗೆದುಕೊಂಡು ಹೋಗುತ್ತಿದ್ದರು. ಮಗಳು "ಸುಂಕದ ಸಾಹೇಬರು ಬಂದ್ರು" ಎಂದು ರೇಗಿಸುತ್ತಿದ್ದಳು. ಬೆಳಿಗ್ಗೆ ಉದ್ಯಾನದ ಸುತ್ತ ನಡಿಗೆ. ಕೆಲವು ವಾರಗಳ ನಂತರ ರಕ್ತ ಪರೀಕ್ಷೆ ಮಾಡಿಸಿದರೆ ಇನ್ನೂರು ದಾಟಿದ್ದ ಅಂಕಿ ತೊಂಬತ್ತಕ್ಕೆ ಬಂದಿತ್ತು. ಇನ್ನೂ ಇಳಿಯಬೇಕು, ಆದರೆ ದಾರಿ ಸರಿಯಿದೆ ಎಂದಳು ಡಾಕ್ಟರು. ನಿಮ್ಮಣ್ಣ ಪದಕ ಗೆದ್ದವರ ಹಾಗೆ ಆ ವರದಿಯನ್ನು ಪಕ್ಕದ ಮನೆಯವರಿಗೂ ತೋರಿಸಿ ಬಂದರು. ಎಲ್ಲ ತಮ್ಮ ಬಾಯಿಕಟ್ಟಿನಿಂದಲೇ ಆದದ್ದೆಂದು ಅವರ ನಂಬಿಕೆ.

ಅಲ್ಲೇ ಎಡವಿದ್ದು. ಡಾಕ್ಟರು ಸ್ವಲ್ಪ ಸ್ವಲ್ಪವೇ ನೀರಿಗಿಳಿಯಿರಿ ಎಂದು ಒಪ್ಪಿಗೆ ಕೊಟ್ಟಳು. ಸ್ವಲ್ಪ ಎಂದರೆ ನಿಮ್ಮಣ್ಣನ ಕಿವಿಗೆ ಹೇಗೆ ಕೇಳಿಸುತ್ತದೆಂದು ನಿನಗೆ ಹೇಳಬೇಕೇ? ಮೊದಲ ದಿನವೇ ಆ ತುದಿ ಈ ತುದಿ ಎಂದು ಹೊಡೆದರು. ಮಾರನೆಯ ದಿನ ತೊಡೆ, ಮೀನಖಂಡ ಎಲ್ಲ ನೋವು. ಅಲ್ಲಿನ ಪಂಪು ರಿಪೇರಿಯವನು "ಆ ಮಾತ್ರೆ ಸ್ನಾಯು ಕರಗಿಸತ್ತೆ ಸಾರ್, ನಮ್ಮ ಭಾವ ಎದ್ದು ನಿಲ್ಲೋಕಾಗ್ತಿರಲಿಲ್ಲ" ಎಂದು ಕಿವಿ ಊದಿದ. ನಿಮ್ಮಣ್ಣ ನನಗೊಂದು ಮಾತು ಹೇಳದೆ ಕೊಲೆಸ್ಟ್ರಾಲ್ ಮಾತ್ರೆಯನ್ನು ನಿಲ್ಲಿಸಿಬಿಟ್ಟರು. ಪ್ರತಿದಿನ ಅದನ್ನು ಹಾಳೆಯಿಂದ ಒತ್ತಿ ತೆಗೆದು ಬಚ್ಚಲಿಗೆ ಬಿಡುತ್ತಿದ್ದರಂತೆ. ಹಾಳೆ ಖಾಲಿಯಾಗುತ್ತಿತ್ತು, ನಾನು ಸಂತೋಷವಾಗಿ ಹೊಸದು ತಂದಿಡುತ್ತಿದ್ದೆ. ನಮ್ಮ ಮನೆ ಬಚ್ಚಲಿಗಿರುವಷ್ಟು ಒಳ್ಳೆಯ ರಕ್ತನಾಳ ಊರಲ್ಲಿ ಯಾರಿಗೂ ಇರಲಿಕ್ಕಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಅಂಕಿ ಮತ್ತೆ ಇನ್ನೂರರ ಹತ್ತಿರ. ನಾನು ಲ್ಯಾಬಿನವರು ಬೇರೆಯವರ ರಕ್ತದ ಜೊತೆ ಅದಲು ಬದಲು ಮಾಡಿದ್ದಾರೆಂದು ಜಗಳಕ್ಕೆ ಸಿದ್ಧಳಾಗಿದ್ದೆ. ಡಾಕ್ಟರು ವರದಿ ಕೆಳಗಿಟ್ಟು, ಬಿಟ್ಟಿದ್ದೀರಾ ಎಂದು ಕೇಳಲೇ ಇಲ್ಲ. "ಯಾವಾಗಿಂದ ಬಿಟ್ಟಿದೀರಿ?" ಎಂದಳು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ. ನಿಮ್ಮಣ್ಣ ನೆಲ ನೋಡಿದರು. ನಾನು ಅವರನ್ನು ನೋಡಿದೆ. ಮರಿ, ಆ ಕುರ್ಚಿಯಲ್ಲಿ ನನಗೆ ಬಂದ ಸಿಟ್ಟನ್ನು ಬರೆಯಲು ಹೋದರೆ ಈ ಕಾಗದ ಸುಡುತ್ತದೆ. ಕಾಲುನೋವಿನ ಕಥೆ ಹೇಳಿದರು. ಡಾಕ್ಟರು ಕೇಳಿಕೊಂಡು, ಅದು ಹೇಳಬೇಕಾದ ಮಾತೇ, ಮುಚ್ಚಿಡಬೇಕಾದ್ದಲ್ಲ, ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ರಕ್ತದಲ್ಲೇ ನೋಡಬಹುದು, ಒಂದು ಮಾತ್ರೆ ಒಗ್ಗದಿದ್ದರೆ ಇನ್ನೊಂದಿದೆ ಎಂದಳು. ಆಮೇಲೆ ಪೆನ್ನು ಕೆಳಗಿಟ್ಟು, "ಬರೀ ಕಾಲುನೋವಿಗೆ ಬಿಟ್ಟಿರಾ, ಅಷ್ಟೇನಾ?" ಎಂದಳು.

ಆಗ ನಿಮ್ಮಣ್ಣ ಹೇಳಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. "ನಮ್ಮಪ್ಪ ಐವತ್ತು ಕಾಣಲಿಲ್ಲ ಡಾಕ್ಟ್ರೇ. ಅಜ್ಜನೂ ಅಷ್ಟೇ. ನಮ್ಮ ಮನೆ ಗಂಡಸರಿಗೆ ಬರೆದಿರೋದೇ ಅಷ್ಟು. ನನಗೀಗ ನಲವತ್ತೆಂಟು. ಮಾತ್ರೆ ನುಂಗಿ ಯಾರಿಗೆ ಮೋಸ ಮಾಡಲಿ?" ದನಿಯಲ್ಲಿ ಸಿಟ್ಟಿಲ್ಲ, ದುಃಖವೂ ಇಲ್ಲ. ನಾಳೆ ಕೊಳಕ್ಕೆ ರಜೆ ಎಂದು ಹೇಳುವ ಹಾಗೆ ಹೇಳಿದರು. ನಿನಗೆ ನಿಮ್ಮಪ್ಪನ ನೆನಪು ಅಷ್ಟಾಗಿ ಇರಲಿಕ್ಕಿಲ್ಲ, ತೀರಾ ಚಿಕ್ಕವನಿದ್ದೆ. ನಿಮ್ಮಣ್ಣನಿಗಿದೆ. ಅಚ್ಚುಮನೆಯ ಮೆಟ್ಟಿಲ ಮೇಲೆ ಬಿದ್ದವರನ್ನು ಚಾಪೆಯಲ್ಲಿ ಮನೆಗೆ ತಂದಾಗ ಬಾಗಿಲು ತೆರೆದವರು ನಿಮ್ಮಣ್ಣನೇ ಅಂತೆ. ದುಡಿದು ದುಡಿದು ಹೋದ ಎಂದರು ಎಲ್ಲರೂ. ಈ ಮನುಷ್ಯ ಅಷ್ಟು ವರ್ಷದಿಂದ, ನಮ್ಮ ಜೊತೆ ಉಂಡು, ನಕ್ಕು, ಊರಿನ ಅಜ್ಜಿಯರಿಗೆಲ್ಲ ಈಜು ಕಲಿಸುತ್ತ, ಒಳಗೊಳಗೇ ಆ ವಯಸ್ಸಿಗಾಗಿ ಕಾಯುತ್ತಿದ್ದರು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಡಾಕ್ಟರು ಎದ್ದು ಬಂದು "ಚಪ್ಪಲಿ ಬಿಡಿ" ಎಂದಳು. ನಿಮ್ಮಣ್ಣನ ಹಿಮ್ಮಡಿ ಹಿಡಿದು, ಅದರ ಹಿಂದಿನಿಂದ ಮೀನಖಂಡಕ್ಕೆ ಹೋಗುವ ದಪ್ಪ ನರವನ್ನು ಬೆರಳಲ್ಲಿ ಒತ್ತಿ ನೋಡಿದಳು. ಅಲ್ಲಿ ಹಗ್ಗದ ಗಂಟಿನ ಹಾಗೆ ದಪ್ಪಗಿದೆ. ಈಜಿ ಈಜಿ ಆದದ್ದೆಂದು ನಾವು ಅಂದುಕೊಂಡಿದ್ದೆವು. "ನಿಮ್ಮ ತಂದೆಗೂ ಹೀಗೇ ಇತ್ತಾ?" ಎಂದಾಗ ನಿಮ್ಮಣ್ಣ, "ಅಪ್ಪ ಬೂಟಿನ ಹಿಂಭಾಗ ಬ್ಲೇಡಿನಲ್ಲಿ ಕುಯ್ದುಕೊಳ್ತಿದ್ರು. ಒತ್ತುತ್ತೆ ಅಂತಿದ್ರು. ಅಮ್ಮ ಹೊಸ ಬೂಟು ಹಾಳು ಮಾಡ್ತೀರ ಅಂತ ಬೈತಿದ್ಲು" ಎಂದರು. ಆಕೆ ಕೆಳಗೆ ಕೂತಲ್ಲಿಂದಲೇ ಮುಖ ಎತ್ತಿ ಹೇಳಿದಳು: "ಇದು ಕೊಲೆಸ್ಟ್ರಾಲ್ ಕಟ್ಟಿಕೊಂಡು ಆದ ಗಂಟು, ಹುಟ್ಟಿನಿಂದಲೇ ಬರೋ ಕಾಯಿಲೆ. ನಿಮ್ಮ ತಂದೆಯವರಿಗೂ ಇದೇ ಇತ್ತು ಅನ್ಸುತ್ತೆ. ಅವರಿಗೆ ಯಾರೂ ಹೇಳಲಿಲ್ಲ, ಆಗ ಈ ಮಾತ್ರೆಗಳೂ ಇರಲಿಲ್ಲ. ನಿಮಗೆ ಎರಡೂ ಇದೆ. ಊಟ, ನಡಿಗೆ ಎಲ್ಲ ಬೇಕು, ಆದರೆ ನಿಮ್ಮ ಮೈಗೆ ಅದಷ್ಟೇ ಸಾಲಲ್ಲ. ಮೊನ್ನೆ ಅಂಕಿ ಇಳಿಸಿದ್ದು ಮಾತ್ರೆ. ಬಿಟ್ಟರೆ ಮತ್ತೆ ಏರತ್ತೆ, ಏರಿದ್ದನ್ನ ನೋಡಿದ್ರಲ್ಲ." ನಿಮ್ಮಣ್ಣ ಒಂದೇ ಒಂದು ಪ್ರಶ್ನೆ ಕೇಳಿದರು. "ಅಂದ್ರೆ ಐವತ್ತು ದಾಟಬಹುದಾ?" ಅವರ ಬಾಯಿಂದ ಅದು ಐದನೇ ಕ್ಲಾಸಿನ ಮಗು ಬಯಲಾಟಕ್ಕೆ ಹೋಗಬಹುದಾ ಎಂದು ಕೇಳಿದ ಹಾಗೆ ಬಂತು. "ಮಾತ್ರೆ ತಗೊಂಡ್ರೆ ನನ್ನ ರಿಟೈರ್‌ಮೆಂಟಿಗೂ ನೀವೇ ಬಂದು ಭಾಷಣ ಮಾಡಬಹುದು" ಎಂದಳು ಆ ಪುಣ್ಯಾತ್ಗಿತ್ತಿ.

ಹೊರಗೆ ಬಂದು ನಿಮ್ಮಣ್ಣ ಔಷಧಿ ಅಂಗಡಿಯ ಪಕ್ಕದ ಗೋಡೆಗೆ ಒರಗಿ ನಿಂತು ಅತ್ತರು. ನಾನು ಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತೆ. ಹೋಗುವವರು ಬರುವವರು ಏನೋ ಕೆಟ್ಟದ್ದಾಗಿದೆ ಎಂದುಕೊಂಡು ಕನಿಕರದಿಂದ ನೋಡಿದರು. ಒಬ್ಬ ಹೆಂಗಸು ನೀರಿನ ಬಾಟಲಿ ಕೊಟ್ಟಳು. ಒಳ್ಳೆಯ ಸುದ್ದಿಗೆ ಅಳುತ್ತಿದ್ದಾರೆ ಎಂದು ಹೇಳಿದರೆ ಯಾರು ನಂಬುತ್ತಾರೆ ಎಂದು ಸುಮ್ಮನೆ ಇಸಿದುಕೊಂಡೆ.

ಸ್ನಾಯುವಿನ ಪರೀಕ್ಷೆಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಈಜು ಬಿಟ್ಟಿದ್ದ ಕಾಲುಗಳನ್ನು ಒಮ್ಮೆಲೇ ದುಡಿಸಿದ್ದರ ನೋವಂತೆ ಅದು. ಆದರೂ ಡಾಕ್ಟರು ಮಾತ್ರೆ ಬದಲಿಸಿ, ಜೊತೆಗೆ ಇನ್ನೊಂದು ಸಣ್ಣ ಮಾತ್ರೆ ಸೇರಿಸಿದಳು. ಎರಡನೆಯದು ಊಟದಿಂದ ಕೊಲೆಸ್ಟ್ರಾಲ್ ಒಳಗೆ ಹೋಗದಂತೆ ಕರುಳಿನ ಬಾಗಿಲಲ್ಲೇ ತಡೆಯುತ್ತದಂತೆ. ಈಗ ನಿಮ್ಮಣ್ಣ ಹಲ್ಲುಜ್ಜಿದ ಕೂಡಲೇ ಮಾತ್ರೆ ಬಾಯಿಗೆ ಹಾಕಿ, ನುಂಗಿ, ನನ್ನ ಮುಂದೆ ನಾಲಿಗೆ ಚಾಚಿ ತೋರಿಸುತ್ತಾರೆ. ನಾನು ಕೇಳಿದ್ದಲ್ಲ, ತಾವಾಗಿಯೇ. ಮೊಸಳೆ ಮೇಡಂ ಬೇರೆ ದಿನಾ ತರಗತಿ ಶುರುವಾಗುವ ಮೊದಲು "ಮೇಷ್ಟ್ರೇ, ಮಾತ್ರೆ?" ಎಂದು ಹಾಜರಿ ಕೂಗುತ್ತಾರೆ, ಇವರು "ಆಯ್ತು ಮಿಸ್" ಎಂದ ಮೇಲೆಯೇ ಅಜ್ಜಿಯರು ನೀರಿಗಿಳಿಯುವುದು.

ಮೊನ್ನೆ ಶುಕ್ರವಾರ ಹೊಸ ವರದಿ ಬಂತು ಮರಿ. ಐವತ್ತೆರಡು! ಡಾಕ್ಟರು ಪೆನ್ನಿನಲ್ಲಿ ಅದರ ಸುತ್ತ ಒಂದು ಗೆರೆ ಎಳೆದು, "ಇದನ್ನ ಹೀಗೇ ಇಟ್ಕೊಳ್ಳಿ, ಬಿಡಬೇಡಿ" ಎಂದಳು. ನಿಮ್ಮಣ್ಣ ಈ ಸಲ ಯಾರಿಗೂ ತೋರಿಸಲಿಲ್ಲ. ಮನೆಗೆ ಬಂದು, ಬಟ್ಟೆ ಬದಲಿಸಿ, ಮಧ್ಯಾಹ್ನವೇ ಮಲಗಿ, ಸಂಜೆಯವರೆಗೆ ಗೊರಕೆ ಹೊಡೆದರು. ಅಷ್ಟು ಗಾಢ ನಿದ್ದೆ ನಾನು ಅವರಲ್ಲಿ ಈವರೆಗೆ ಕಂಡಿರಲಿಲ್ಲ. ಎದ್ದವರೇ, ಮಹಡಿಯ ತಾರಸಿ ಸೋರುವುದನ್ನು ಈ ವರ್ಷ ಪೂರ್ತಿ ಹೊಸದಾಗಿ ಮಾಡಿಸಿಬಿಡೋಣ, ತೇಪೆ ಬೇಡ, ಇನ್ನೊಂದು ಇಪ್ಪತ್ತು ವರ್ಷ ಬಾಳಬೇಕು ಎಂದರು. ತಾರಸಿಯ ಮಾತು ಕೇಳಿ ಯಾವ ಹೆಂಡತಿಯೂ ಇಷ್ಟು ಸಂತೋಷಪಟ್ಟಿರಲಿಕ್ಕಿಲ್ಲ.

ಗಂಜಿಯ ಜಗಳ ಮುಗಿದ ಹಾಗಿದೆ, ಉಪ್ಪಿಲ್ಲದ್ದೇ ಗೆದ್ದಿರಬೇಕು. ಅಣ್ಣ ನಿನಗೆ ನೆನಪು ಹೇಳಿದ್ದಾರೆ, ಬೆಣ್ಣೆ ಇಲ್ಲದೆ ರುಚಿಯಾಗುವ ಅಡುಗೆ ಹಡಗಿನಲ್ಲಿ ಏನಾದರೂ ಕಲಿತಿದ್ದರೆ ಬರೆದು ಕಳಿಸಬೇಕಂತೆ. ಮಗಳು ಚಿಕ್ಕಪ್ಪನಿಗೆ ಮುತ್ತು ಕಳಿಸಿದ್ದಾಳೆ. ಗಾಳಿ, ನೀರು, ಒಲೆ ಮೂರೂ ನಿನ್ನ ಮೇಲೆ ದಯೆಯಿಡಲಿ. ಹೊಟ್ಟೆ ತುಂಬಾ ಉಣ್ಣು, ನಗುನಗುತ್ತಾ ಬೇಗ ಮನೆಗೆ ಬಾ.

ನಿನ್ನ
ಅತ್ತಿಗೆ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯಬೇಡ, ಒಬ್ಬನೇ ನೀರಿನ ನಡುವೆ ಇದ್ದಾನೆ, ಹೆದರಿಕೊಳ್ತಾನೆ ಎಂದು ನಿಮ್ಮಣ್ಣ ಹೇಳಿದ್ದರು. ನಾನು ಬರೆಯುತ್ತೇನೆ. ಈ ಕಾಯಿಲೆ ಅಪ್ಪನಿಂದ ಮಕ್ಕಳಿಗೆ ಬರುವಂಥದ್ದು. ಅಣ್ಣನಿಗಿದ್ದರೆ ತಮ್ಮನಿಗೂ ಇರುವ ಸಾಧ್ಯತೆ ಅರ್ಧಕ್ಕರ್ಧ ಎಂದಿದ್ದಾಳೆ ಡಾಕ್ಟರು. ಮೈಯಲ್ಲಿ ಏನೂ ಗೊತ್ತಾಗುವುದಿಲ್ಲವಂತೆ, ರಕ್ತ ನೋಡಿದರೆ ಮಾತ್ರ ಗೊತ್ತು. ಶುಕ್ರವಾರ ಅಣ್ಣನದರ ಜೊತೆ ನಮ್ಮ ಮಗಳ ವರದಿಯೂ ಬಂತು. ಅವಳಿಗೂ ಇದೆ. ಹೆದರಬೇಡ, ಇಷ್ಟು ಬೇಗ ಸಿಕ್ಕಿದ್ದು ದೊಡ್ಡ ಅದೃಷ್ಟ, ಸಣ್ಣ ಮಾತ್ರೆ ಸಾಕು, ಎಲ್ಲರಂತೆ ಬಾಳುತ್ತಾಳೆ ಎಂದಿದ್ದಾಳೆ ಡಾಕ್ಟರು. ನಾನು ಅಳುತ್ತ ಕೂತಿದ್ದರೆ ಅವಳು ಏನಂದಳು ಗೊತ್ತಾ? "ಅಪ್ಪನ ಮೂಗೂ ಬಂತು, ಇದೂ ಬಂತು. ಮೂಗಿಗೆ ಮಾತ್ರೆ ಇಲ್ಲ ಅಮ್ಮ, ಇದಕ್ಕಾದರೂ ಇದೆಯಲ್ಲ." ನಿನಗೂ ಅದೇ ಮೂಗು ಮರಿ. ಹಡಗು ಮುಂದಿನ ಬಂದರಿಗೆ ತಾಗಿದ ದಿನವೇ ಇಳಿದು ರಕ್ತ ಪರೀಕ್ಷೆ ಮಾಡಿಸು, ಮಾಡಿಸಿದ ಮೇಲೆಯೇ ಪೇಟೆ ಸುತ್ತು.